ಗೋಪುರದ ಬಂಗಲೆಯ ಹಿರೀಕರು

ನಮ್ಮ ಕಡೆ ಮನುಷ್ಯರ ಪಟ ಗೋಡೆಗೆ ಏರಿತೆಂದರೆ ಆ ಮನುಷ್ಯ ಸತ್ತ ಎಂದೇ ಅರ್ಥ. ಬದುಕಿದ್ದವರ ಫೋಟೋ ಟ್ರಂಕಿನಲ್ಲಿ, ಸೀರೆಯ ಮಡಿಕೆಯ ನಡುವೆ ಇರುತ್ತಿತ್ತು. ಈಗ ಕಾಲ ಬದಲಾಗಿದೆ. ನನ್ನ ಸೊಸೆ ತನ್ನ ಮದುವೆಯ ಫೋಟೋವನ್ನು ಬಾಗಿಲಗಲ ಮಾಡಿಸಿ ಹಾಲಿನಲ್ಲಿ ತೂಗುಹಾಕಿದ್ದಾಳೆ, ಅದನ್ನು ನೋಡಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಹೇಳಿದರೆ ನಗುತ್ತಾಳೆ. ನಗಲಿ, ಅವಳಿಗೇನು ಗೊತ್ತು. ಗೋಡೆಯ ಮೇಲೆ ಬದುಕಿದ್ದವರೂ ಇರಬಹುದು ಅನ್ನುವ ಒಂದು ಸಂಗತಿ ತಿಳಿಯದೆ ನನ್ನ ಅವ್ವ ಒಂದು ಮನೆಯನ್ನೇ ಕಳೆದಳು. ಆ ಮನೆಯ ಒಂದು ಹೆಂಚೂ ನಮ್ಮದಾಗಿರಲಿಲ್ಲ. ಆದರೂ ಈ ವಯಸ್ಸಿನಲ್ಲಿ ಕನಸು ಬಿದ್ದರೆ ನಾನು ಓಡಾಡುವುದು ಅದೇ ಮೆಟ್ಟಿಲುಗಳ ಮೇಲೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ. ಉದ್ದಕ್ಕೆ ರೈಲು ಡಬ್ಬಿಯಂಥ ಮನೆ, ನಡುಮನೆಯಲ್ಲಿ ಎರಡು ಗುಂಡಿಮಗ್ಗ, ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ದೊಡ್ಡಪ್ಪ. ಅಪ್ಪನ ಮುಖ ನನಗೆ ನೆನಪಿಲ್ಲ, ಗುಂಡಿಯೊಳಗೆ ಇಳಿಬಿಟ್ಟ ಅವನ ಎರಡು ಕಾಲು ಮಾತ್ರ ನೆನಪಿದೆ. ನನಗೆ ಐದು ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟ. ಮಾಳಯ ಅಮಾವಾಸ್ಯೆಗೆ ಮುಗಿಯುವ ಹದಿನೈದು ದಿನಗಳನ್ನು ನಾವು ಬರೀ ಪಕ್ಷ ಎನ್ನುತ್ತೇವೆ. ಸತ್ತ ಹಿರೀಕರು ಮನೆಗೆ ಉಣ್ಣಲು ಬರುವ ಕಾಲ ಅದು. ಅವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಎಲೆಯ ಮೇಲೆ ಎಡೆ ಇಟ್ಟು, ಬಾಗಿಲು ಮುಚ್ಚಿಕೊಂಡು ನಾವು ಆಚೆ ಕೂರಬೇಕು. ಅವರು ಉಂಡು ಎದ್ದ ಮೇಲೆ ನಮ್ಮ ಊಟ. ಅಪ್ಪ ಹೋದ ವರ್ಷದ ಪಕ್ಷದಲ್ಲಿ ಅಡುಗೆಯೆಲ್ಲ ಅವ್ವನದೇ. ಎಡೆ ಇಟ್ಟವನು ದೊಡ್ಡಪ್ಪ. ಅವ್ವ ಸೌಟು ಹಿಡಿದು ಮುಂದೆ ಬಂದಾಗ ದೊಡ್ಡಮ್ಮ ಕೈ ಅಡ್ಡ ಹಿಡಿದಳು.

"ಗಂಡ ಸತ್ತೋಳು ನೀನು, ಆಚೆ ಇರವ್ವ."

ಬದುಕಿದ್ದಾಗ ದಿನಾ ಬಡಿಸಿದ ಕೈ, ಸತ್ತ ಮೇಲೆ ಒಂದು ತುತ್ತು ಬಡಿಸಲಾಗಲಿಲ್ಲ. ಅವ್ವ ಅದನ್ನು ಸಾಯುವ ತನಕ ಮರೆಯಲಿಲ್ಲ. ಅದಾದ ಕೆಲವು ತಿಂಗಳಿಗೆ ಬೆಟ್ಟದ ಮೇಲಿನ ಕಾಫಿ ಎಸ್ಟೇಟಿನ ದೊರೆಸಾನಿ ರೇಷ್ಮೆ ಕೊಳ್ಳಲು ನಮ್ಮ ಬೀದಿಗೆ ಬಂದರು. ಅವ್ವ ಜಗಲಿಯ ಮೇಲೆ ಇಲಿ ಕಡಿದ ಸೀರೆಯೊಂದಕ್ಕೆ ರಫು ಮಾಡುತ್ತ ಕೂತಿದ್ದಳು. ಹರಿದ ಕಡೆ ಹಾಸು, ಹೊಕ್ಕು ಎರಡೂ ಎಳೆಗಳನ್ನು ಸೂಜಿಯಲ್ಲೇ ಕೂಡಿಸಿ, ಹರಿದಿತ್ತೆಂದು ಹೇಳಿದರೂ ನಂಬದ ಹಾಗೆ ಮಾಡುವುದು ಅವಳ ಕೈಗೆ ಬಂದಿದ್ದ ವಿದ್ಯೆ. ದೊರೆಸಾನಿ ನಿಂತು ನೋಡಿದರು, ಸೀರೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು.

"ನಮ್ಮನೇಲಿ ಪರದೆ, ಮೇಜಿನ ಬಟ್ಟೆ ಎಲ್ಲಾ ಹಿಂಗೇ ಇಲಿ ತಿಂದು ಕೂತವೆ. ನನ್ ಜೊತೆ ಬತ್ತೀಯೇನಮ್ಮಿ?"

ಬೀದಿಯವರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಬಿಳೀ ಹೆಂಗಸಿನ ಬಾಯಲ್ಲಿ ಇಂಥ ಕನ್ನಡವನ್ನು ಅವರು ಕೇಳಿರಲಿಲ್ಲ. ಮದುವೆಯಾಗಿ ಬೆಟ್ಟಕ್ಕೆ ಬಂದ ಹೊಸದರಲ್ಲಿ ಸೋಲಿಗರ ಹೆಂಗಸರ ಹತ್ತಿರ, ಕಾಫಿ ಬಿಡಿಸುವವರ ಹತ್ತಿರ ಕಲಿತ ಮಾತಂತೆ ಅದು. ದೊಡ್ಡಪ್ಪ ಮಾತ್ರ ನಗಲಿಲ್ಲ.

"ಓಗೋದಾದ್ರೆ ಓಗು. ಆದ್ರೆ ಮತ್ತೆ ಈ ವಸ್ಲು ತುಳಿಯಕ್ಕೆ ಬರಬ್ಯಾಡ."

ಅವ್ವ ಒಂದು ಟ್ರಂಕು, ಒಂದು ಸೂಜಿಡಬ್ಬಿ ಮತ್ತು ನನ್ನನ್ನು ತಕ್ಕೊಂಡು ಜೀಪು ಹತ್ತಿದಳು. ಆವತ್ತಿನಿಂದ ಆ ಬಂಗಲೆ ಬಿಟ್ಟರೆ ನಮಗೆ ಈ ಭೂಮಿಯ ಮೇಲೆ ಬೇರೆ ಸೂರು ಇರಲಿಲ್ಲ. ಅವ್ವ ದಿನಕ್ಕೊಮ್ಮೆಯಾದರೂ ಅದನ್ನು ನನಗೆ ನೆನಪಿಸುತ್ತಿದ್ದಳು. ಗಾಜಿನ ಸಾಮಾನಿನ ಹತ್ತಿರ ಹೋದರೆ, ಗಟ್ಟಿಯಾಗಿ ಅತ್ತರೆ, ಹಣ್ಣು ಕೇಳಿದರೆ, ಎಲ್ಲದಕ್ಕೂ ಒಂದೇ ಮಾತು. "ಈ ಮನೆ ತಪ್ಪೋದ್ರೆ ಎಲ್ಲಿಗ್ ಓಗಾನ ಕೂಸೆ?"

ಯಳಂದೂರು ದಾಟಿ ಬೆಟ್ಟ ಹತ್ತಿ, ಕಾಡಿನೊಳಗೆ ಗಂಟೆಗಟ್ಟಲೆ ಕುಲುಕಿ ಕುಲುಕಿ ಹೋದ ಮೇಲೆ ಆ ಬಂಗಲೆ ಕಾಣುತ್ತಿತ್ತು. ಕರೀ ಕಲ್ಲಿನ ಗೋಡೆ, ಒಂದು ಮೂಲೆಯಲ್ಲಿ ದುಂಡಗೆ ಎದ್ದ ಗೋಪುರ. ದೇವರಿಲ್ಲದ ಗೋಪುರ ನೋಡಿ ಅವ್ವ ಮೊದಲ ದಿನ ಅಭ್ಯಾಸದಿಂದ ಕೈಮುಗಿದುಬಿಟ್ಟಳು. ಆ ಬಂಗಲೆಗೆ ಒಂದು ತಾಯಿಮನೆ ಇತ್ತು, ಏಳು ಸಮುದ್ರದಾಚೆ, ಸ್ಕಾಟ್ಲೆಂಡಿನಲ್ಲಿ. ದೊರೆಸಾನಿ ಅದನ್ನು ಯಾವಾಗಲೂ ದೊಡ್ಡಮನೆ ಅಂತಲೇ ಕರೆಯುತ್ತಿದ್ದರು. ಅವರ ಕಡೆ ಮನೆ, ಜಮೀನು, ಕಾಡು, ಹೊಳೆಯ ಮೀನು ಸಮೇತ ಎಲ್ಲವೂ ಹಿರೀ ಮಗನಿಗೆ. ಕಿರಿಯವರಿಗೆ ತಟ್ಟೆ ಲೋಟವೂ ಇಲ್ಲ. ದೊರೆಸಾನಿಯ ಮಾವ ಅಂಥ ಕಿರಿಯ ಮಗ. ಹಠಮಾರಿ. ಹುಟ್ಟಿದ ಮನೆ ಸಿಗದಿದ್ದರೇನು, ನಾನೇ ಒಂದು ಕಟ್ಟುತ್ತೇನೆ ಎಂದು ಇಲ್ಲಿಗೆ ಬಂದು, ಕಾಡು ಕಡಿಸಿ, ಕಾಫಿ ಹಾಕಿಸಿ, ನೆನಪಿನಲ್ಲಿದ್ದ ದೊಡ್ಡಮನೆಯನ್ನು ಕಾಲು ಭಾಗಕ್ಕೆ ಇಳಿಸಿ ಕಟ್ಟಿಸಿದರು. ಅಲ್ಲಿಯ ಹಾಗೇ ಗೋಪುರ, ಅಲ್ಲಿಯ ಹಾಗೇ ನಡುಮನೆಯಲ್ಲಿ ಚಳಿ ಕಾಯಿಸುವ ಬೆಂಕಿಗೂಡು, ಅದರ ನೆತ್ತಿಯಲ್ಲಿ ಕಲ್ಲಿನಲ್ಲಿ ಕೊರೆದ ವಂಶದ ಗುರುತು, ಕೊಂಬಿನ ಜಿಂಕೆ. ಅಲ್ಲಿ ಗೋಡೆಗೆ ಅವರ ನಾಡಿನ ಜಿಂಕೆಯ ತಲೆಗಳಿದ್ದರೆ ಇಲ್ಲಿ ಕಡವೆ, ಕಾಟಿಗಳ ತಲೆ.

ದೊರೆಸಾನಿ ಆ ದೊಡ್ಡಮನೆಯನ್ನು ಹೊಗಳುತ್ತಿರಲಿಲ್ಲ. ಮಾವನ ಅಜ್ಜನ ಕಾಲದಲ್ಲಿ ಆ ಜಮೀನಿನ ಒಕ್ಕಲುಗಳನ್ನೆಲ್ಲ ಎಬ್ಬಿಸಿ, ಗುಡಿಸಲಿಗೆ ಬೆಂಕಿ ಇಟ್ಟು, ಕುರಿ ಬಿಟ್ಟರಂತೆ. "ನಮ್ಮೋರು ಅಂಥಾ ಒಳ್ಳೇರಲ್ಲ ಕಣಮ್ಮಿ" ಎಂದು ಒಂದು ದಿನ ನನಗೆ ಹೇಳಿದರು, ಸೌದೆ ಒಟ್ಟುತ್ತ, ಏನೋ ಹವಾಮಾನದ ಮಾತಾಡಿದ ಹಾಗೆ. ಬಂಗಲೆಯ ಕೆಳಗಿನ ಇಳಿಜಾರಿನಲ್ಲಿದ್ದ ಸೋಲಿಗರ ಹಾಡಿಯೂ ಕಾಫಿ ಗಿಡ ಬಂದ ಮೇಲೆ ಆಚೆ ಗುಡ್ಡಕ್ಕೆ ಸರಿದದ್ದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಅವೆರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗಿರಲಿಲ್ಲ. ನನಗೆ ಆ ಮನೆ ಬರೀ ದೊಡ್ಡದಾಗಿತ್ತು, ಬೆಚ್ಚಗಿತ್ತು.

ನಾವು ಬರುವ ಹೊತ್ತಿಗೆ ದೊಡ್ಡ ದೊರೆಯೂ ಇಲ್ಲ, ದೊರೆಸಾನಿಯ ಗಂಡನೂ ಇಲ್ಲ. ಹನ್ನೊಂದು ಕೋಣೆಯ ಮನೆಯಲ್ಲಿ ಅವರೊಬ್ಬರೇ. ಅಡುಗೆಯ ಕುಶಿನಿಯಲ್ಲಿ ರಾಮಾಪುರದ ಚೆನ್ನಪ್ಪ, ಮುದುಕ, ಮಾತು ಕಮ್ಮಿ. ಆದರೂ ಮನೆಯ ಕಟ್ಟುಕಟ್ಟಳೆ ಒಂದೂ ತಪ್ಪುವಂತಿರಲಿಲ್ಲ. ಊಟಕ್ಕೆ ಮೊದಲು ಚೆನ್ನಪ್ಪ ಕಂಚಿನ ಜಾಗಟೆ ಬಾರಿಸಬೇಕು. ಹನ್ನೆರಡು ಕುರ್ಚಿಯ ಮೇಜಿನ ತುದಿಯಲ್ಲಿ ದೊರೆಸಾನಿ ಒಬ್ಬರೇ ಕೂತು ಉಣ್ಣಬೇಕು. ಬೆಳಗಿನ ಗಂಜಿಗೆ ಮಾತ್ರ ಕುರ್ಚಿ ಇಲ್ಲ. ಅವರ ಕಡೆ ಓಟ್ಸಿನಿಂದ ಮಾಡುವುದನ್ನು ಇಲ್ಲಿ ರಾಗಿಯಲ್ಲಿ ಕಾಯಿಸಿ, ಬರೀ ಉಪ್ಪು ಹಾಕಿ ಬಟ್ಟಲಿನಲ್ಲಿ ಕೊಟ್ಟರೆ, ದೊರೆಸಾನಿ ಕಿಟಕಿಯ ಕಟ್ಟೆಯ ಹತ್ತಿರ ನಿಂತುಕೊಂಡು ಕುಡಿಯುತ್ತಿದ್ದರು. ಇದನ್ನು ಕಂಡು ಅವ್ವನಿಗೆ ತಡೆಯಲಾಗಲಿಲ್ಲ. ಬಂದ ವಾರದೊಳಗೆ ಮೊದಲ ಜಗಳ ಅದಕ್ಕೇ ಆಯಿತು.

"ನಿಂತ್ಕಂಡು ಉಂಡಿದ್ದು ಮೈಗತ್ತಕಿಲ್ಲ ಅಮ್ಮಾವ್ರೆ. ಕೂತ್ಕಳಿ."

"ನಮ್ಮಾವ ನಿಂತೇ ಕುಡೀತಿದ್ರು, ಅವ್ರಪ್ಪಾನೂ ನಿಂತೇ. ಗಂಜಿಗೆ ಕೂತೋನು ದಿನವೆಲ್ಲಾ ಕೂತೇ ಇರ್ತಾನೆ."

"ಕುದ್ರೆ ನಿಂತ್ಕಂಡು ತಿಂತದೆ."

"ಕುದ್ರೆ ನಿನ್ಗಿಂತ ಗಟ್ಟಿಯಾಗದೆ ತಾಯಮ್ಮ."

ಹೀಗೆ. ಪರದೆಗೆ ಯಾವ ದಾರ, ಬಾವಿ ನೀರು ಕಾಯಿಸಬೇಕೇ ಬೇಡವೇ, ನನ್ನ ತಲೆಗೆ ಎಣ್ಣೆ ಎಷ್ಟು, ಎಲ್ಲಕ್ಕೂ ಇಬ್ಬರೂ ಜಗಳಾಡುತ್ತಿದ್ದರು. ಒಬ್ಬರೂ ಸೋಲುತ್ತಿರಲಿಲ್ಲ, ಒಬ್ಬರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ನೇಕಾರರ ಬೀದಿಯಲ್ಲಿ ಬಾಯಿ ಸತ್ತವಳಂತೆ ಇದ್ದ ಅವ್ವ ಆ ಮನೆಯಲ್ಲಿ ಮಾತು ಕಲಿತಳು. ನನ್ನನ್ನು ಜಗಳಗಂಟಿ ಎಂದು ಶಾಲೆಯಲ್ಲಿ, ನಾನು ಹೊಲಿಗೆ ಟೀಚರಾಗಿ ದುಡಿದ ಕಡೆಯೆಲ್ಲ ಅಂದಿದ್ದಾರೆ. ನಾನು ಅದನ್ನು ಕಲಿತದ್ದು ಆ ಇಬ್ಬರ ನಡುವೆ ಕೂತು, ಸೂಜಿಗೆ ದಾರ ಪೋಣಿಸಿ ಕೊಡುತ್ತ.

ಇನ್ನು ಮೆಟ್ಟಿಲು. ನಡುಮನೆಯಿಂದ ಮೇಲಕ್ಕೆ ಕಲ್ಲಿನ ಅಗಲವಾದ ಮೆಟ್ಟಿಲು, ಅದರ ಪಕ್ಕದ ಗೋಡೆಗೆ ಸಾಲಾಗಿ ಏಳು ಪಟ. ಕೆಳಗಿನವು ಎಣ್ಣೆಬಣ್ಣದವು. ಮಂಡಿಯ ತನಕ ಚೌಕುಳಿ ಲಂಗದಂಥದ್ದು ಉಟ್ಟ ಗಡ್ಡದ ಅಜ್ಜ, ಬಾಯಿ ಬಿಗಿದ ಅಜ್ಜಿ, ಬೆಟ್ಟಕ್ಕೆ ಬಂದ ಮಾವ. ಮೇಲಕ್ಕೆ ಹೋದಂತೆ ಫೋಟೋಗಳು, ದೊರೆಸಾನಿಯ ಗಂಡನದೂ ಸೇರಿ. ಭಾನುವಾರ ದೊರೆಸಾನಿ ತಾವೇ ಬಟ್ಟೆ ಹಿಡಿದು ಅವನ್ನು ಒರೆಸುತ್ತಿದ್ದರು, ನಾನು ಹಿಂದಿಂದೆ ಹತ್ತುತ್ತಿದ್ದೆ. ಒಬ್ಬೊಬ್ಬರದೂ ಒಂದೊಂದು ಕತೆ ಹೇಳುತ್ತಿದ್ದರು. ಗಡ್ಡದಜ್ಜನಿಗೆ ಸೇದಲು ಸುರುಟು ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಅಜ್ಜಿ ಇಪ್ಪತ್ತು ವರ್ಷ ಗಂಡನ ಜೊತೆ ಮಾತು ಬಿಟ್ಟಿದ್ದಳು. ಏಳನೆಯ ಪಟ ಒಬ್ಬ ಹುಡುಗನದು, ಮೀಸೆ ಬರುವ ವಯಸ್ಸು, ನಾಯಿಯ ಕುತ್ತಿಗೆ ತಬ್ಬಿ ನಗುತ್ತಿದ್ದ. ಅದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಿದ್ದರು. ಕತೆ ಹೇಳುತ್ತಿರಲಿಲ್ಲ. ಒಂದು ಸಲ ನಾನು ಕೇಳಿಯೇಬಿಟ್ಟೆ.

"ಇವ್ರು ಯಾರು ಅಮ್ಮಾವ್ರೆ?"

ಬಟ್ಟೆಯನ್ನು ಮಡಿಸಿಕೊಂಡು ಮೇಲೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಜಾಗಟೆ ಬಾರಿಸಿದರೂ ಇಳಿಯಲಿಲ್ಲ. ಅವ್ವ ನನ್ನ ಕಿವಿ ಹಿಂಡಿ ಚೆನ್ನಪ್ಪನನ್ನು ಕೇಳಿದಳು. ಅವನು "ಅವ್ರ ಮಗ" ಅಂದ, "ದೊಡ್ಡೋರ ಮನೆ ಇಸ್ಯ ನಮ್ಗ್ಯಾಕೆ" ಎಂದು ಮುಖ ತಿರುಗಿಸಿದ. ಇನ್ನೇನು ಬೇಕು. ಗೋಡೆಯ ಮೇಲಿದ್ದಾನೆ, ತಾಯಿ ಹೆಸರೆತ್ತುವುದಿಲ್ಲ, ಕೇಳಿದರೆ ಊಟ ಬಿಡುತ್ತಾಳೆ. ವಯಸ್ಸಿಗೆ ಬಂದ ಮಗನನ್ನು ಕಳಕೊಂಡ ತಾಯಿ ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನದಿಂದ ಗಂಜಿಯ ಜಗಳ ಬಿಟ್ಟಳು.

ನಾವು ಹೋದ ಮೂರನೆಯ ವರ್ಷ ಸ್ಕಾಟ್ಲೆಂಡಿನಿಂದ ಒಂದು ಕಾಗದ ಬಂತು, ಜೊತೆಗೆ ಒಂದು ಫೋಟೋ. ದೊಡ್ಡಮನೆಯನ್ನು ನೋಡಿಕೊಳ್ಳಲಾಗದೆ ಆ ಕಡೆಯವರು ಅದರ ಸೂರು ತೆಗೆಸಿಬಿಟ್ಟಿದ್ದರು. ಸೂರಿದ್ದರೆ ಮನೆಗೆ ಕಂದಾಯ, ಇಲ್ಲದಿದ್ದರೆ ಇಲ್ಲವಂತೆ. ಫೋಟೋದಲ್ಲಿ ನಮ್ಮ ಗೋಪುರದ ನಾಲ್ಕರಷ್ಟು ದೊಡ್ಡ ಗೋಪುರ, ಅದರ ಕಿಟಕಿಗಳಲ್ಲಿ ಆಕಾಶ ಕಾಣುತ್ತಿತ್ತು. ದೊರೆಸಾನಿ ಅದನ್ನು ಬೆಂಕಿಗೂಡಿನ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಮಳೆ ಒಳಕ್ಕೇ ಬೀಳ್ತಿರ್ತದೆ ಈಗ" ಅಂದರು.

ಅವ್ವನಿಗೆ ಅದು ನುಂಗಲಾರದ ತುತ್ತಾಯಿತು. ಬೇಡವೆಂದು ಮನೆ ಮಾರುವುದುಂಟು, ಬಿದ್ದು ಹೋಗುವುದುಂಟು. ಇರುವ ಸೂರನ್ನು ಮನೆಯವರೇ ಕೀಳುವುದೆಂದರೇನು. ರಾತ್ರಿಯೆಲ್ಲ ಹೊರಳಾಡಿದವಳು ಬೆಳಗ್ಗೆ ನನಗೆ ತಲೆ ಬಾಚುತ್ತ ಲೆಕ್ಕ ಹಾಕಿದಳು. ಅಲ್ಲಿ ಸೂರಿಲ್ಲ. ಇಲ್ಲಿ ಮಗ ಇಲ್ಲ, ಮೊಮ್ಮಗ ಇಲ್ಲ. ಗೋಡೆಯ ಮೇಲಿನ ಏಳು ಜನಕ್ಕೆ ಎಡೆ ಇಡುವವರು ಯಾರು.

"ಅಷ್ಟೊಂದು ಹಿರೀಕ್ರು, ಎಷ್ಟು ವರ್ಸದಿಂದ ಹಸ್ಕಂಡು ನಿಂತವ್ರೋ. ನಾವು ಅವ್ರ ಮನೆ ಅನ್ನ ಉಣ್ತಾ ಇದ್ದೀವಿ."

ಆ ವರ್ಷದ ಮಾಳಯ ಅಮಾವಾಸ್ಯೆಗೆ ಚೆನ್ನಪ್ಪ ತನ್ನ ಹಿರೀಕರಿಗೆ ಎಡೆ ಇಡಲು ರಾಮಾಪುರಕ್ಕೆ ಹೋದ. ದೊರೆಸಾನಿ ಬೆಳಗ್ಗೆಯೇ ಕಚೇರಿ ಕೆಲಸಕ್ಕೆಂದು ಜೀಪಿನಲ್ಲಿ ಯಳಂದೂರಿಗೆ ಇಳಿದರು. ಮನೆಯಲ್ಲಿ ನಾವಿಬ್ಬರೇ. ಅವ್ವ ತಲೆಗೆ ನೀರು ಹಾಕಿಕೊಂಡು ಕುಶಿನಿ ಹೊಕ್ಕಳು. ಅನ್ನ, ಕುಂಬಳಕಾಯಿ ಪಲ್ಯ, ವಡೆ, ಕಜ್ಜಾಯ, ಕಡ್ಲೆಬೇಳೆ ಪಾಯಸ. ಅವಳು ಅಷ್ಟು ಖುಷಿಯಾಗಿ ಅಡುಗೆ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಆಚೆ ಇರು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಮೊದಲು ನಮ್ಮ ಕೋಣೆಯಲ್ಲಿ ಅಪ್ಪನಿಗೆ ತನ್ನ ಕೈಯಿಂದಲೇ ಬಡಿಸಿದಳು, ಬಡಿಸಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಬಂಗಲೆಯ ಮೆಟ್ಟಿಲಿಗೆ ಬಂದಳು. ಪಟಕ್ಕೊಂದರಂತೆ ಏಳು ಬಾಳೆಎಲೆ, ಪಕ್ಕದಲ್ಲಿ ಒಂದೊಂದು ಬಟ್ಟಲು ಉಪ್ಪಿನ ಗಂಜಿ, ಹೊಸಬಟ್ಟೆಯ ಬದಲು ತಾನೇ ಅಂಚು ಹೊಲಿದ ಬಿಳಿ ಕೈವಸ್ತ್ರ. ಗಡ್ಡದಜ್ಜನ ಎಲೆಗೆ ಡಬ್ಬಿಯಿಂದ ಹುಡುಕಿ ತಂದ ಸುರುಟು. ಎಲ್ಲ ಪಟಕ್ಕೂ ಚೆಂಡುಹೂವಿನ ಹಾರ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ. ಏಳನೆಯದಕ್ಕೆ ಅವ್ವ ಎಲ್ಲಕ್ಕಿಂತ ದಪ್ಪ ಹಾರ ಕಟ್ಟಿದ್ದಳು, ಚಿಕ್ಕ ವಯಸ್ಸಲ್ಲವಾ ಎಂದು ಪಾಯಸ ಎರಡು ಸೌಟು ಹಾಕಿದಳು. ಸಾಂಬ್ರಾಣಿ ಹಾಕಿ, ಅಡ್ಡಬಿದ್ದು, ದೊಡ್ಡ ಬಾಗಿಲು ಎಳೆದುಕೊಂಡು ಆಚೆ ಬಂದು ಕೂತೆವು.

ಕೂತು ಹತ್ತು ನಿಮಿಷವಾಗಿರಲಿಲ್ಲ, ಜೀಪಿನ ಸದ್ದು. ಯಳಂದೂರಿನಲ್ಲಿ ಕಚೇರಿಯೇ ತೆರೆದಿರಲಿಲ್ಲವಂತೆ. ದೊರೆಸಾನಿ ಇಳಿದು ಬಾಗಿಲಿಗೆ ಕೈ ಹಾಕಿದರು. ಅವ್ವ ಅಡ್ಡ ನಿಂತಳು.

"ಒಂದ್ ಗಳಿಗೆ ತಡೀರಿ ಅಮ್ಮಾವ್ರೆ. ಒಳಗೆ ನಿಮ್ಮ ಹಿರೀಕ್ರು ಉಣ್ತಾವ್ರೆ."

ಬೇರೆ ಯಾರಾದರೂ ಆಗಿದ್ದರೆ ಬಯ್ಯುತ್ತಿದ್ದರು. ದೊರೆಸಾನಿ ಟೋಪಿ ತೆಗೆದು, ನಮ್ಮ ಜೊತೆ ತಮ್ಮ ಮನೆಯ ಬಾಗಿಲಲ್ಲೇ ನೆಲದ ಮೇಲೆ ಕೂತರು. ಗಡ್ಡದಜ್ಜನಿಗೆ ಸುರುಟು ಇಟ್ಟಿದ್ದೀಯಾ ಎಂದು ಕೇಳಿದರು. ಇಟ್ಟಿದ್ದೇನೆ ಅಂದಾಗ ಅವರ ಕಣ್ಣು ತುಂಬಿಕೊಂಡವು. ಅವರು ನಗುತ್ತಲೂ ಇದ್ದರು. ಅವ್ವ ಮೂರು ಸಲ ಬಾಗಿಲು ತಟ್ಟಿ ತೆರೆದಳು. ದೊರೆಸಾನಿ ಮೆಟ್ಟಿಲು ಹತ್ತುತ್ತ ಒಂದೊಂದು ಎಲೆಗೂ ಬಗ್ಗಿ ನೋಡಿದರು, ಮಾವನ ಗಂಜಿ ಬಟ್ಟಲು ಮುಟ್ಟಿ ನೋಡಿದರು, ಗಂಡನ ಹಾರ ಸರಿಮಾಡಿದರು. ಮೇಲಿನ ಮೆಟ್ಟಿಲಿಗೆ ಹೋದವರು ಅಲ್ಲೇ ನಿಂತರು. ಏಳನೆಯ ಪಟದ ಹಾರ ಹಿಡಿದುಕೊಂಡು ಅವ್ವನ ಕಡೆ ತಿರುಗಿದರು.

"ಯಾವಾಗ ಬಂತು ಸುದ್ದಿ?"

"ಯಾವ ಸುದ್ದಿ ಅಮ್ಮಾವ್ರೆ?"

"ತಂತಿ ಬಂತಾ? ನಾನ್ ಇಲ್ದಾಗ ಯಾರ್ ಬಂದಿದ್ರು? ಯೇಳು ತಾಯಮ್ಮ. ನನ್ ಮಗ ಯಾವಾಗ ಸತ್ತ?"

ಅವ್ವನ ಕೈಯಲ್ಲಿದ್ದ ಸಾಂಬ್ರಾಣಿ ಬಟ್ಟಲು ಕೆಳಗೆ ಬಿತ್ತು.

"ಬದ್ಕವ್ರಾ?"

"ಬದ್ಕವ್ನೆ ಅಂತ್ಲೇ ಇದ್ದೆ. ಈಗ ನೀನ್ ಯೇಳು."

ನಲವತ್ತು ವರ್ಷ ಈ ನೆಲದಲ್ಲಿ ಇದ್ದವರು. ಪಟಕ್ಕೆ ಹಾರ ಬಿದ್ದರೆ ಏನೆಂದು ಅವರಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಿತ್ತು. ತಾವು ಇಲ್ಲದಾಗ ಸುದ್ದಿ ಬಂದಿದೆ, ಬಾಯಿಬಿಟ್ಟು ಹೇಳಲಾರದೆ ತಾಯಮ್ಮ ಹಾರ ಹಾಕಿ ತಿಳಿಸುತ್ತಿದ್ದಾಳೆ ಎಂದುಕೊಂಡಿದ್ದರು. ಅವ್ವ ಮೆಟ್ಟಿಲ ಬುಡದಲ್ಲಿ ಬಿದ್ದು, ಯಾರೂ ಬಂದಿಲ್ಲ, ನಾನೇ ತಪ್ಪು ತಿಳಿದೆ, ಗೋಡೆ ಮೇಲಿದ್ದರಲ್ಲ ಎಂದು ಅಂದದ್ದನ್ನೇ ಅಂದಳು. ಅದು ತಲೆಗೆ ಇಳಿಯಲು ಅವರಿಗೆ ಹೊತ್ತು ಬೇಕಾಯಿತು. ಇಳಿದ ಮೇಲೆ ಹಾರ ತೆಗೆದರು, ಕುಂಕುಮವನ್ನು ತಮ್ಮ ತೋಳಿನಿಂದ ಒರೆಸಿದರು, ಆ ಮೆಟ್ಟಿಲ ಮೇಲೆ, ಎಲೆಯ ಪಕ್ಕದಲ್ಲೇ ಕೂತುಬಿಟ್ಟರು. ಆವತ್ತು ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಬೆಳಗ್ಗೆ ಅವ್ವ ಟ್ರಂಕು ಕಟ್ಟಿ, ನನ್ನ ಕೈ ಹಿಡಿದು ಊಟದ ಕೋಣೆಗೆ ಹೋದಳು. ದೊರೆಸಾನಿ ಕಿಟಕಿಯ ಹತ್ತಿರ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಗಂಜಿ ಮುಂದಿಟ್ಟುಕೊಂಡಿದ್ದರು. ಅವರು ಗಂಜಿಗೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ದಿನ.

"ಟ್ರಂಕ್ ಯಾಕೆ?"

"ಓಯ್ತೀವಿ ಅಮ್ಮಾವ್ರೆ. ಬದ್ಕಿರೋ ಮಗೀಗೆ ಎಡೆ ಇಟ್ಟ ಕೈ ಇದು."

"ಎಲ್ಲಿಗ್ ಓಯ್ತೀಯ?"

ದೊರೆಸಾನಿ ಇನ್ನೊಂದು ಕುರ್ಚಿಯನ್ನು ಕಾಲಿನಿಂದ ನೂಕಿ ಕೂರು ಅಂದರು. ಅವ್ವ ನೆಲದ ಮೇಲೆ ಕೂತಳು.

"ಎಸ್ಟೇಟ್ ಮಾರ್ಬುಟ್ಟು ನಮ್ ಕಡೀಕೆ ಓಗಾನ ಬಾ ಅಂದ ಅವ್ನು. ಬರಕಿಲ್ಲ ಅಂದೆ. ಜಗ್ಳ ಆಯ್ತು. ಓಗೋದಾದ್ರೆ ನೀನು ನನ್ ಪಾಲ್ಗೆ ಸತ್ತೆ ಅಂತ ಆ ಮೆಟ್ಲ್ ಮೇಲೇ ನಿಂತ್ಕಂಡು ಅಂದೆ. ಏಳು ವರ್ಸ ಆಯ್ತು, ಅವ್ನೂ ಬರ್ದಿಲ್ಲ, ನಾನೂ ಬರ್ದಿಲ್ಲ. ಬಾಯಲ್ಲಿ ಅಂದೋಳು ನಾನು. ಕೈಯಲ್ಲಿ ಮಾಡ್ದೋಳು ನೀನು. ಯಾರ್ದು ತಪ್ಪು?"

ಅಂದು ಮಧ್ಯಾಹ್ನವೇ ಮಗನಿಗೆ ಕಾಗದ ಬರೆದರು. ಅದನ್ನು ತಕ್ಕೊಂಡು ಯಳಂದೂರಿಗೆ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದವಳು ಅವ್ವ. ಜೀಪಿನವನ ಕೈಗೆ ಕೊಡಲು ಒಪ್ಪಲಿಲ್ಲ. ಡಬ್ಬಿಯ ಬಾಯಿಗೆ ಕೈ ಹಾಕಿ ಒಳಗೆ ಬಿತ್ತೋ ಇಲ್ಲವೋ ನೋಡಿದಳು. ಬೆಟ್ಟದ ಮಾದಪ್ಪನಿಗೆ ಹರಕೆಯನ್ನೂ ಹೊತ್ತಳು. ಸಣ್ಣದೊರೆ ಜೀವಂತ ಕಣ್ಣಿಗೆ ಬಿದ್ದರೆ ಕೊಳ್ಳೇಗಾಲದಿಂದ ನಡೆದುಕೊಂಡೇ ಬರುತ್ತೇನೆ ಎಂದು. ಅವನ ಜೀವಕ್ಕೆ ತನ್ನ ಎಡೆಯಿಂದ ಏನಾದರೂ ಆಗಿಬಿಟ್ಟರೆ ಎನ್ನುವ ಹೆದರಿಕೆಯಲ್ಲಿ ಆ ನಾಲ್ಕು ತಿಂಗಳು ಅವಳು ಅರ್ಧಕ್ಕೆ ಇಳಿದುಹೋದಳು.

ಸಣ್ಣದೊರೆ ಬಂದರು. ಪಟದ ಹುಡುಗ ಅಲ್ಲ, ತಲೆ ಬೋಳಾಗುತ್ತಿದ್ದ, ಮೆತ್ತಗೆ ಮಾತಾಡುವ ಒಬ್ಬ ಮನುಷ್ಯ. ತಾಯಿ ಮಗ ಮೆಟ್ಟಿಲ ಕೆಳಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತದ್ದನ್ನು ನೋಡಿ ಅವ್ವ ಕುಶಿನಿಗೆ ಓಡಿಬಂದು ದೇವರಿಗೆ ದೀಪ ಹಚ್ಚಿದಳು. ನನಗೆ ಒಂದು ಬಣ್ಣದ ಪೆನ್ಸಿಲ್ ಡಬ್ಬಿ ತಂದಿದ್ದರು. ಅವ್ವನ ಎಡೆಯ ಕತೆ ಕೇಳಿ ಜೋರಾಗಿ ನಕ್ಕು, ನನಗೆ ಎರಡು ಸೌಟು ಪಾಯಸವಾ ಎಂದು ಕೇಳಿದರು. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಇವತ್ತಿಗೂ ಬೈಯಲು ಒಂದು ಹೆಸರು ಸಿಕ್ಕದೆ ನಾನು ಒದ್ದಾಡುತ್ತೇನೆ. ಅವರು ತೋಟ ಸುತ್ತಿ ಬಂದರು, ಗಿಡಕ್ಕೆ ರೋಗ, ಕೂಲಿಗೆ ಜನವಿಲ್ಲ, ಆನೆ ಕಾಟ. ತಾಯಿಯ ಎದೆ ನೋವಿನ ಮಾತ್ರೆ ನೋಡಿದರು. ಮಾರಿ ಹೋಗೋಣ ಬಾ ಎಂದು ಈ ಸಲ ಅವರು ಕೇಳಿದಾಗ ದೊರೆಸಾನಿ ಇಲ್ಲ ಅನ್ನಲಿಲ್ಲ. ಒಮ್ಮೆ ಹಾರ ಬಿದ್ದ ಪಟ ನೋಡಿದ ತಾಯಿಗೆ ಇನ್ನೊಂದು ಸಲ ಮಗನನ್ನು ಕಳಿಸಿಕೊಡಲು ಆಗುತ್ತದೆಯೇ. ಅವರು ಆ ಮಾತು ಆಡುವಾಗ ಅವ್ವ ಅದೇ ಕೋಣೆಯಲ್ಲಿ ದೊಡ್ಡ ಪರದೆಗೆ ರಫು ಹಾಕುತ್ತಿದ್ದಳು. ನಡುವೆ ಒಂದು ಸಲ ಸೂಜಿ ನಿಂತಿತು, ಮತ್ತೆ ಹೊರಟಿತು. ಮಾರಿದ ಮನೆಯ ಪರದೆಯೆಂದು ಗೊತ್ತಾದ ಮೇಲೂ ಅವ್ವ ಅದನ್ನು ಪೂರ್ತಿ ಮುಗಿಸಿ, ಇಸ್ತ್ರಿ ಮಾಡಿ ತೂಗುಹಾಕಿದಳು.

ಹೊರಡುವ ದಿನ ಪಟಗಳನ್ನೆಲ್ಲ ಇಳಿಸಿ ಪೆಟ್ಟಿಗೆಗೆ ಹಾಕಿದ್ದರು. ಗೋಡೆಯ ಮೇಲೆ ಏಳು ಮೊಳೆ, ಏಳು ಬಿಳೀ ಚೌಕ. ದೊರೆಸಾನಿ ಅವ್ವನಿಗೆ ಏನು ಬೇಕೋ ತಕ್ಕೋ ಅಂದರು. ಅವ್ವ ಕೇಳಿದ್ದು ಅವರದೊಂದು ಫೋಟೋ. ಗೋಪುರದ ಮುಂದೆ ಟೋಪಿ ಹಾಕಿಕೊಂಡು ನಿಂತದ್ದನ್ನು ಕೊಟ್ಟರು.

"ಈಗ್ಲೇ ಗೋಡೆಗೆ ಆಕ್ಬುಟ್ಟೀಯ ಮತ್ತೆ."

"ಇಲ್ಲ ಅಮ್ಮಾವ್ರೆ. ಸುದ್ದಿ ಬರೋಗಂಟ ಎಡೆ ಇಡಕಿಲ್ಲ. ನಿಮ್ಮಾಣೆ."

"ಸುದ್ದಿ ಕಳುಸ್ತಾನೆ ನನ್ ಮಗ. ಆಮ್ಯಾಕೆ ಗಂಜಿಗೆ ಉಪ್ಪು ಮರೀಬ್ಯಾಡ."

ಇಬ್ಬರೂ ನಕ್ಕರು. ನಾನು ಅಳುತ್ತಿದ್ದೆ. ಜೀಪು ಹೊರಟ ಮೇಲೆ ಅವ್ವ ಬಂಗಲೆಯ ಮೆಟ್ಟಿಲು ಗುಡಿಸಿ, ಬಾಗಿಲು ಎಳೆದು, ನಮ್ಮ ಟ್ರಂಕು ಎತ್ತಿಕೊಂಡಳು. ಕೊಳ್ಳೇಗಾಲದಲ್ಲಿ ದೊಡ್ಡಪ್ಪನ ವಸ್ಲು ತುಳಿಯಲಿಲ್ಲ. ಆಚೆ ಬೀದಿಯಲ್ಲಿ ಒಂದು ಹಿಂದಿನ ಕೋಣೆ ಬಾಡಿಗೆಗೆ ಹಿಡಿದು ಸೀರೆಗೆ ಕುಚ್ಚು ಕಟ್ಟಲು ಕೂತಳು. ವಾರದೊಳಗೆ ಹರಕೆ ತೀರಿಸಲು ನನ್ನನ್ನೂ ಎಳೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಹನೂರಿನ ದಾರಿ ಹಿಡಿದಳು. ನನ್ನ ಕಾಲಿನಲ್ಲಿ ಬೊಕ್ಕೆ ಎದ್ದಿತ್ತು. ಮನೆ ಕಳಕೊಂಡಿದ್ದಕ್ಕೆ ಯಾರಾದರೂ ಹರಕೆ ತೀರಿಸುತ್ತಾರಾ ಎಂದು ದಾರಿಯಲ್ಲಿ ಕೂಗಾಡಿದೆ. ಅವ್ವ ಹಿಂತಿರುಗಿ ನೋಡಲಿಲ್ಲ.

"ಕೇಳ್ಕಂಡಿದ್ದು ಮಗ ಬರ್ಲಿ ಅಂತ. ಬಂದ. ಮನೆ ಉಳೀಲಿ ಅಂತ ಕೇಳ್ಕಳಕ್ಕೆ ನಂಗೆ ಹೊಳೀನೇ ಇಲ್ಲ ಕೂಸೆ."

ಮೂರು ವರ್ಷ ಕ್ರಿಸ್ಮಸ್ಸಿಗೆ ಕಾಗದ ಬಂದವು, ನಾಲ್ಕನೆಯ ವರ್ಷ ಬರಲಿಲ್ಲ. ನಾವು ಬರೆದದ್ದಕ್ಕೂ ಉತ್ತರವಿಲ್ಲ. ಪ್ರತಿ ಪಕ್ಷಕ್ಕೂ ಅವ್ವ ಟ್ರಂಕಿನಿಂದ ಆ ಫೋಟೋ ತೆಗೆದು, ಒರೆಸಿ, ಸುದ್ದಿ ಬಂದಿಲ್ಲ ಎಂದು ಮತ್ತೆ ರೇಷ್ಮೆ ತುಂಡಿನಲ್ಲಿ ಸುತ್ತಿ ಇಡುತ್ತಿದ್ದಳು. ನಾನು ಕೆಲಸಕ್ಕೆ ಸೇರಿದೆ, ಮದುವೆಯಾದೆ, ಅಜ್ಜಿಯಾದೆ. ಒಂದು ವರ್ಷ ನನಗೆ ತಲೆ ಕೆಟ್ಟು ಹೋಯಿತು. ನೂರ ಹತ್ತು ವರ್ಷ ಬದುಕುತ್ತಾರೇನವ್ವ ಯಾರಾದರೂ, ಪಾಪ, ಹಸಿದುಕೊಂಡಿರುತ್ತಾರೆ, ಇಟ್ಟುಬಿಡು ಅಂದೆ.

"ನೀನ್ ಸುಮ್ಕಿರು. ಒಂದ್ ಸಲ ಬದ್ಕಿರೋರ್ಗೆ ಎಡೆ ಇಟ್ಟು ಕೂತಿದ್ದ ಸೂರ್ನ ಕಳ್ದೋಳು ನಾನು."

ನನ್ನ ಹತ್ತಿರ ಹೊಲಿಗೆ ಕಲಿತವಳೊಬ್ಬಳ ಮಗ ಕಾಡಿನ ಗಾರ್ಡು. ಅವನ ಜೊತೆ ಒಮ್ಮೆ ಬೆಟ್ಟಕ್ಕೆ ಹೋಗಿ ನೋಡಿ ಬಂದೆ. ಕೊಂಡವರು ಯಾವಾಗಲೋ ಹೆಂಚು, ತೊಲೆ ಇಳಿಸಿಕೊಂಡು ಹೋಗಿದ್ದರು. ಕಲ್ಲಿನ ಮೆಟ್ಟಿಲು ಹಾಗೇ ಇತ್ತು, ನಡುಮನೆಯ ತುಂಬ ಲಂಟಾನ. ನಾನು ಮೇಲಿನ ಮೆಟ್ಟಿಲಿಗೆ ಹತ್ತಿ ಏಳನೆಯ ಮೊಳೆಗೆ ಕೈ ಇಟ್ಟು ನಿಂತೆ. ಮಳೆ ಒಳಕ್ಕೇ ಬೀಳುತ್ತಿತ್ತು. ಮನೆಗೆ ಬಂದು ಹೇಳಿದಾಗ ಅವ್ವ ಕೇಳಿದ್ದು ಒಂದೇ, ಪರದೆ ಇದ್ದವಾ ಎಂದು. ಇಲ್ಲ ಅಂದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ಅವ್ವ ಹೋಗಿ ಆರು ವರ್ಷವಾಯಿತು. ಅವಳ ಪಟ ಗೋಡೆಯ ಮೇಲಿದೆ. ಈ ವರ್ಷದ ಅಮಾವಾಸ್ಯೆಗೆ ಎಲ್ಲ ಬೇಯಿಸಿ ಅವಳ ಎಲೆಗೆ ಬಡಿಸಿದೆ. ಆಮೇಲೆ ಟ್ರಂಕು ತೆಗೆದು ದೊರೆಸಾನಿಯ ಫೋಟೋ ಬಿಚ್ಚಿ ಒರೆಸಿದೆ. ಹಾರ ಮಿಕ್ಕಿತ್ತು, ಹಾಕಲು ಕೈ ಬರಲಿಲ್ಲ. ಆಣೆ ಇಟ್ಟವಳು ಎದುರಿಗೇ ಗೋಡೆಯ ಮೇಲಿದ್ದಳು. ಕಡೆಗೆ ಒಂದು ಬಟ್ಟಲು ರಾಗಿ ಗಂಜಿ ಕಾಯಿಸಿದೆ, ಬರೀ ಉಪ್ಪು ಹಾಕಿ. ಕಿಟಕಿಯ ಕಟ್ಟೆಯ ಮೇಲೆ ಫೋಟೋ ಒರಗಿಸಿ, ಅದರ ಮುಂದೆ, ನಿಂತವರ ಕೈಗೆ ಎಟುಕುವ ಹಾಗೆ ಬಟ್ಟಲು ಇಟ್ಟೆ. ಹೂವಿಲ್ಲ, ಕುಂಕುಮವಿಲ್ಲ. ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತೆ. ಮೊಮ್ಮಗಳು ಬಂದು ಬಾಗಿಲಿಗೆ ಕಿವಿ ಇಟ್ಟಳು.

"ಅಜ್ಜಿ, ಒಳಗೆ ಯಾರವ್ರೆ?"

"ನಮ್ಮವ್ವ ಕೂತ್ಕಂಡು ಉಣ್ತಾವಳೆ."

"ಇನ್ನೊಬ್ರು?"

"ಅವ್ರು ನಿಂತವ್ರೆ. ಸುದ್ದಿ ಬಂದಿಲ್ಲ ಇನ್ನೂ."